ಟವೆಲ್ಲಿನ ಕೆಳಗೆ ಸೈಕಲ್ಲಿನ ಬೆಲೆ

ನಮ್ಮ ಮಗಳು ಸೋನಾಲಿಗೆ ಬೀದರಿನ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಮನೆಯಲ್ಲಿ ಸಕ್ಕರೆ ಹಂಚಿದೆವು. ಹಂಚಿ ಮುಗಿಯುವಷ್ಟರಲ್ಲೇ ಬಸ್ಸಿನ ಚಿಂತೆ ಹತ್ತಿತು. ರಕ್ತ ಪರೀಕ್ಷೆಗೆ ಬರುವವರು ಹಸಿದ ಹೊಟ್ಟೆಯಲ್ಲಿ ಏಳಕ್ಕೇ ಬಂದು ಕೂತಿರುತ್ತಾರಂತೆ, ಅಷ್ಟೊತ್ತಿಗೆ ಇವಳು ಅಲ್ಲಿರಬೇಕು. ನಮ್ಮ ಕಮಠಾಣದಿಂದ ಅವಳಿಗೆ ಸಿಗುವ ಬಸ್ಸು ಬೀದರ ಮುಟ್ಟುವಾಗ ಎಂಟಾಗುತ್ತದೆ. ಆಟೋದವರು ಆಟೋ ತುಂಬುವವರೆಗೆ ಕದಲುವುದಿಲ್ಲ. ಲ್ಯಾಬಿನ ಮಾಲೀಕರು ಒಳ್ಳೆಯ ಮಾತಿನಲ್ಲೇ ಹೇಳಿದ್ದರು: "ಬರೋ ಸೋಮವಾರದಿಂದ ಬಾ ತಂಗಿ. ಹೊತ್ತಿಗಿ ಬರಲಿಕ್ಕ ಆಗಲ್ಲಂದ್ರ ಈಗೇ ಹೇಳಿಬಿಡು, ಬ್ಯಾರೆಯವರು ಕಾಯ್ಲಿಕತ್ತಾರ."

"ಒಂದು ಸೈಕಲ್ ಕೊಡಸ್ರಿ, ನಾ ಹೋಗ್ತೇನಿ," ಎಂದಳು ಸೋನಾಲಿ.

ಕುರಿ ಸಾಕುವವರ ಮನೆಯಲ್ಲಿ ಒಂದು ಸೈಕಲ್ಲಿಗೆ ಯೋಚನೆ ಯಾಕೆ, ಒಂದು ಕುರಿ ಮಾರಿದರಾಯಿತು ಎಂದು ಹೊರಗಿನವರಿಗೆ ಅನ್ನಿಸಬಹುದು. ಮಾರುವ ಟಗರುಗಳೆಲ್ಲ ಬಕ್ರೀದಿಗೇ ಹೋಗಿದ್ದವು. ಆ ಹಣ ಸೋನಾಲಿಯ ಕೋರ್ಸಿಗೆ ಅರ್ಧ, ನನ್ನ ಹೊಟ್ಟೆಯ ಆಪರೇಶನ್ನಿಗೆ ಅರ್ಧ ಆಗಿತ್ತು. ಹಟ್ಟಿಯಲ್ಲಿ ಉಳಿದವೆಲ್ಲ ಗಬ್ಬದ ಕುರಿಗಳು. ಗಬ್ಬದ ಕುರಿ ಮಾರಿದರೆ ಒಂದರ ದುಡ್ಡಿಗೆ ಎರಡನ್ನು ಕೊಟ್ಟಂತೆ. ಅದೊಂದು ಕೆಲಸ ನಮ್ಮವರು, ಅಂದರೆ ನನ್ನ ಗಂಡ ಹಣಮಂತಪ್ಪ, ಯಾವತ್ತೂ ಮಾಡಿದವರಲ್ಲ. ಸಾಲವನ್ನೂ ಮಾಡಿದವರಲ್ಲ. ನನ್ನ ಸಂಚಿಯಲ್ಲಿ ಐದು ಸಾವಿರ ಇತ್ತು. ಸೈಕಲ್ಲು ಅದರೊಳಗೇ ಬರಬೇಕಿತ್ತು.

ಕುರಿಗಳ ಔಷಧಕ್ಕೆಂದು ಭಾಲ್ಕಿಗೆ ಹೋದಾಗ ಅಲ್ಲಿನ ಒಂದು ಅಂಗಡಿಯಲ್ಲಿ ವಿಚಾರಿಸಿದೆವು. ಹೆಣ್ಣುಮಕ್ಕಳ ಸೈಕಲ್ಲಿಗೆ ಏಳೂವರೆ ಸಾವಿರ ಅಂದರು. "ಪೂರಾ ರೊಕ್ಕ ಯಾಕ ಕೊಡ್ತೀರಿ ಅಕ್ಕಾ, ತಿಂಗಳಾ ತಿಂಗಳಾ ಕಟ್ರಿ," ಎಂದ ಅಂಗಡಿಯವ. ಅವನು ಹೇಳಿದ ಕಂತನ್ನು ನಾನು ಬೆರಳಿನ ಗೆಣ್ಣಿನ ಮೇಲೆ ಕೂಡಿಸಿದೆ. ಒಂಬತ್ತು ಸಾವಿರ ದಾಟಿತು.

"ಮ್ಯಾಲಿನ ಒಂದೂವರಿ ಸಾವಿರ ಯಾವ ಗಾಲಿಗಿ ಹಚ್ಚತೀರಪ್ಪಾ?" ಎಂದು ಕೇಳಿ ಹೊರಗೆ ಬಂದೆ.

ಔರಾದಿನಲ್ಲಿ ನನ್ನ ತಮ್ಮ ಕಾಶೀರಾಮ ಇದ್ದಾನೆ. ಮೂರು ಸಾವಿರಕ್ಕೆ ಒಂದು ಹಳೆಯ ಸೈಕಲ್ ನೋಡಿದ್ದೇನೆ, ಹೊಸದರಂತೆಯೇ ಇದೆ ಎಂದು ಫೋನು ಮಾಡಿದ. ಹೋದೆ. ಕೆಂಪು ಬಣ್ಣ ಫಳಫಳ ಹೊಳೆಯುತ್ತಿತ್ತು. ಬಣ್ಣ ಅಷ್ಟು ಹೊಳೆದರೆ ನನಗೆ ಅನುಮಾನ. ಸೈಕಲ್ಲನ್ನು ತಲೆಕೆಳಗು ಮಾಡಿ ಕೈಯಾಡಿಸಿದೆ. ಪೆಡಲ್ಲಿನ ಮೇಲಿನ ಕಂಬಿಯಲ್ಲಿ, ಬಣ್ಣದ ಕೆಳಗೆ, ಮುರಿದು ಬೆಸೆದ ಗಂಟು ಕೈಗೆ ಹತ್ತಿತು.

"ಕಾಶೀರಾಮ, ಮುದಿ ಕುರಿಗಿ ಮೈ ತೊಳದು ಸಂತ್ಯಾಗ ನಿಲ್ಲಿಸಿದಂಗ ಅದಲ್ಲೋ ಇದು."

"ನೀ ಏನಕ್ಕಾ, ಸೈಕಲ್ಲಿಗೂ ಹಲ್ಲ ಹಿಡದು ನೋಡ್ತಿ!" ಎಂದು ನಕ್ಕ. ಆದರೆ ಬಸ್ಸಿಗೆ ಹತ್ತಿಸುವಾಗ ನನ್ನ ಕೈಯಲ್ಲಿ ಐದು ನೂರರ ನೋಟು ಮಡಚಿ ಇಟ್ಟ. "ಸೊಸಿ ಸೋನಾಲಿ ಸೈಕಲ್ಲಿಗಿ ನಂದೊಂದು ಟೈರ್ ಇರಲಿ." ಅವನೂ ದಿನಗೂಲಿಯವನೇ. ಬಸ್ಸಿನಲ್ಲಿ ಕೂತು ಆ ನೋಟನ್ನು ಬಹಳ ಹೊತ್ತು ಸಂಚಿಗೆ ಹಾಕದೆ ಹಿಡಿದುಕೊಂಡಿದ್ದೆ.

ಐದೂವರೆ ಸಾವಿರ ಆಯಿತು. ಶನಿವಾರವೂ ಬಂತು. ಸೋಮವಾರಕ್ಕೆ ನಡುವೆ ಒಂದೇ ದಿನ. ಮೂವರೂ ಬೀದರಿಗೆ ಹೋದೆವು.

ಚೌಬಾರದ ಕಡೆಗೆ ಹೋಗುವ ರಸ್ತೆಯಲ್ಲಿ ಕುತುಬೋದ್ದೀನ ಎಂಬುವರ ಸೈಕಲ್ ಅಂಗಡಿ. ಐವತ್ತು ದಾಟಿದ ಮನುಷ್ಯ, ಕನ್ನಡಕ ಹಣೆಯ ಮೇಲೆ, ಕೈಯೆಲ್ಲ ಗ್ರೀಸು. ಸೋನಾಲಿ ಒಳಗೆ ಕಾಲಿಟ್ಟವಳೇ ಒಂದು ನೀಲಿ ಸೈಕಲ್ಲಿನ ಮುಂದೆ ನಿಂತುಬಿಟ್ಟಳು. ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್. ಕೊಳ್ಳುವವರು ಆಸೆ ಮುಖದಲ್ಲಿ ತೋರಿಸಬಾರದು ಎಂದು ಮನೆಯಲ್ಲೇ ಹೇಳಿಕೊಟ್ಟಿದ್ದೆ. ಆ ಪಾಠ ಎಲ್ಲಿ ಹೋಯಿತೋ!

"ಯಾವ ಊರ್ರಿ ಕಾಕಾ? ಕೈಯಾಗ ಕೋಲು ಅದ, ಕುರಿಯವ್ರೇನು?" ಎಂದು ಕುತುಬೋದ್ದೀನ ನಮ್ಮವರನ್ನು ಕೇಳಿದರು.

"ಹೌದ್ರಿ ಸಾಬ್ರ. ಕಮಠಾಣ."

"ಬಾಜೂಕೇ ಬಗದಲದಾಗ ನಂದೂ ಹೊಲ ಅದ್ರಿ, ದೊಡ್ಡ ಹುಣಸಿ ಗಿಡದ ಹತ್ರ. ತೊಗರಿ ರಾಶಿ ಆಗಿ ಖಾಲಿ ಬಿದ್ದದ. ಮೊದಲೆಲ್ಲ ಕುರಿ ಕೂಡಸ್ತಿದ್ರು, ಈಗ ಯಾರೂ ಬರಲ್ರು. ಚೀಲದ ಗೊಬ್ಬರ ಹಾಕಿ ಹಾಕಿ ಮಣ್ಣು ಕಲ್ಲ ಆಗ್ಯಾದ."

ಕುರಿ ಕೂಡಿಸುವುದೆಂದರೆ ಖಾಲಿ ಹೊಲದಲ್ಲಿ ರಾತ್ರಿ ಬಲೆ ಕಟ್ಟಿ ಹಿಂಡನ್ನು ಮಲಗಿಸುವುದು. ಕುರಿಯ ಹಿಕ್ಕೆ, ಗಂಜಳ ಬಿದ್ದ ನೆಲ ಎರಡು ಬೆಳೆಯವರೆಗೆ ಮತ್ತೊಂದು ಗೊಬ್ಬರ ಕೇಳುವುದಿಲ್ಲ. ಹೊಲದವರು ರಾತ್ರಿಗೆ ಇಷ್ಟೆಂದು ಹಣ ಕೊಡುತ್ತಾರೆ, ಊಟಕ್ಕೆ ಜೋಳ ಕೊಡುತ್ತಾರೆ. ನಮ್ಮವರು "ಹೂಂ" ಎಂದರು, ಅಷ್ಟೇ. ಅವರು ಮಾತು ಕಮ್ಮಿ.

ನೀಲಿ ಸೈಕಲ್ಲಿಗೆ ತೂಗುಹಾಕಿದ ಚೀಟಿಯಲ್ಲಿ ಏಳು ಸಾವಿರದ ಇನ್ನೂರು ಎಂದಿತ್ತು. "ನಿಮಗ ಏಳು ಮಾಡ್ತೇನಿ, ಕೊನೀ ಮಾತು," ಎಂದರು ಕುತುಬೋದ್ದೀನ. ನಾನು ಇನ್ನೂ ಬಾಯಿ ತೆರೆದಿರಲಿಲ್ಲ. ಅಷ್ಟರಲ್ಲಿ ನಮ್ಮವರು ಹೆಗಲ ಮೇಲಿನ ಟವೆಲ್ ತೆಗೆದು ಬಲಗೈ ಮೇಲೆ ಹರವಿಕೊಂಡು, ಆ ಕೈಯನ್ನು ಮುಂದೆ ಚಾಚಿದರು.

ಕುರಿ ಸಂತೆಯಲ್ಲಿ ವ್ಯಾಪಾರ ನಡೆಯುವುದು ಹೀಗೆ. ಟವೆಲ್ಲಿನ ಕೆಳಗೆ ಇಬ್ಬರೂ ಕೈ ಹಿಡಿಯುತ್ತಾರೆ. ಹಿಡಿದ ಬೆರಳು ಸಾವಿರ, ಒತ್ತಿದ ಬೆರಳು ನೂರು. ಸುತ್ತ ಹತ್ತು ಮಂದಿ ನಿಂತರೂ ಬೆಲೆ ಯಾರಿಗೂ ತಿಳಿಯುವುದಿಲ್ಲ. ಆದರೆ ಸೈಕಲ್ ಅಂಗಡಿಯಲ್ಲಿ!

ಟೈರು ಕೊಳ್ಳಲು ಬಂದಿದ್ದ ಇಬ್ಬರು ಕಿಸಕ್ಕನೆ ನಕ್ಕರು. ಸೋನಾಲಿಯ ಮುಖ ಕೆಂಪಾಯಿತು. "ಅಪ್ಪಾ, ಇದೇನ್ ಕುರಿ ಸಂತಿ ಅದೇನ್ರಿ? ಕೈ ಹಿಂದ ತಗೋರಿ, ಎಲ್ಲಾರೂ ನೋಡ್ಲಿಕತ್ತಾರ."

ನಮ್ಮವರು ಕೈ ಹಿಂದೆ ತೆಗೆಯಲಿಲ್ಲ. ಕುತುಬೋದ್ದೀನ ಆ ಟವೆಲನ್ನೇ ನೋಡಿದರು. ಆಮೇಲೆ ಸ್ಟೂಲಿನಿಂದ ಎದ್ದು, ಗ್ರೀಸಿನ ಕೈಯನ್ನು ಅರಿವೆಯಿಂದ ಚೆನ್ನಾಗಿ ಒರೆಸಿ, ಟವೆಲ್ಲಿನ ಕೆಳಗೆ ಹಾಕಿದರು.

ನಕ್ಕವರು ಟೈರು ಬಿಟ್ಟು ಇತ್ತಲೇ ನೋಡತೊಡಗಿದರು. ನಾನು ಸಂಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಹಣ ಇದ್ದದ್ದು ನನ್ನ ಸಂಚಿಯಲ್ಲಿ, ವ್ಯಾಪಾರ ನಡೆದದ್ದು ಟವೆಲ್ಲಿನೊಳಗೆ. ಬಟ್ಟೆ ಒಮ್ಮೆ ಅಲುಗಾಡಿತು, ನಿಂತಿತು, ಮತ್ತೆ ಅಲುಗಾಡಿತು. ಮುಗಿಯಿತು ಅಂದುಕೊಂಡೆ. ಇಲ್ಲ, ನಮ್ಮವರು ಕೈ ಬಿಡದೆ ಇನ್ನೊಮ್ಮೆ ಏನೋ ಒತ್ತಿದರು. ಕುತುಬೋದ್ದೀನ ಹುಬ್ಬೇರಿಸಿದರು, ನಸುನಕ್ಕು ತಲೆಯಾಡಿಸಿದರು. ಟವೆಲ್ ಹೆಗಲಿಗೆ ಹೋಯಿತು.

"ಐದೂವರಿ ಕೊಡು," ಎಂದರು ನಮ್ಮವರು.

ಏಳು ಸಾವಿರದ್ದು ಐದೂವರೆಗೆ! ಎಣಿಸಿ ಕೊಟ್ಟೆ. ಕುತುಬೋದ್ದೀನ ಅದನ್ನು ಎಣಿಸಿ, ಮೂರು ನೂರನ್ನು ತಿರುಗಿಸಿ ನನ್ನ ಕೈಗೇ ಹಾಕಿದರು. ಸಂತೆಯಲ್ಲೂ ಕೊಂಡವರ ಕೈ ಬರಿದಾಗಬಾರದೆಂದು ಮಾರಿದವರು ಏನಾದರೂ ತಿರುಗಿ ಕೊಡುವುದುಂಟು. ಅದೇ ಇರಬೇಕೆಂದು ಕೇಳದೆ ಸಂಚಿಗೆ ಸೇರಿಸಿದೆ. ಬಂದ ದುಡ್ಡಿಗೆ ಯಾಕೆ ಬಂದೆ ಎಂದು ಕೇಳುವ ಚಾಳಿ ನನಗಿಲ್ಲ. ಮುಂದಿನ ಅಂಗಡಿಯಲ್ಲಿ ಅದರಲ್ಲೇ ಬೀಗ, ಗಾಳಿ ಪಂಪು ಕೊಂಡೆ.

ಸೋಮವಾರ ಇನ್ನೂ ಮಬ್ಬಿರುವಾಗ ಸೋನಾಲಿ ಹೊರಟಳು. ಏಳಕ್ಕೆ ಹತ್ತು ನಿಮಿಷ ಇರುವಾಗಲೇ ಫೋನು ಬಂತು: "ಅವ್ವಾ, ಮುಟ್ಟಿದೆ. ಬಾಗಿಲು ಇನ್ನಾ ತಗದಿಲ್ಲ, ನಾನೇ ಫಸ್ಟ್!" ನಾನು ಒಲೆಯ ಮುಂದೆ ಕೂತು ಕಣ್ಣೊರೆಸಿಕೊಂಡೆ. ಹೊಗೆಯೂ ಇತ್ತು ಅನ್ನಿ.

ಆದರೆ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. ಒಂದೂವರೆ ಸಾವಿರವನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ಸೈಕಲ್ಲನ್ನು ತಲೆಕೆಳಗು ಮಾಡಿ ಮತ್ತೆ ನೋಡಿದ್ದೆ, ಎಲ್ಲೂ ಬೆಸುಗೆ ಇರಲಿಲ್ಲ. ಹಾಗಾದರೆ ಇವರೇ ಏನೋ ಮಾತು ಕೊಟ್ಟಿದ್ದಾರೆ.

"ಗಬ್ಬದ ಕುರಿ ಏನರ ಒಪ್ಪಿ ಬಂದೀರೇನು?" ಎಂದು ಕೇಳಿದೆ.

"ಟವೆಲ್ಲಿನೊಳಗಿಂದು ಹೊರಗ ಹೇಳಂಗಿಲ್ಲ," ಎಂದರು.

"ನಾ ಹೊರಗಿನಾಕೀನಾ?"

ನಕ್ಕರು, ಹೇಳಲಿಲ್ಲ. ನಾಲ್ಕು ದಿನ ಕುರಿಗಳನ್ನು ಎಣಿಸಿಯೇ ಮಲಗಿದೆ.

ಶುಕ್ರವಾರ ಸಂಜೆ ಬಲೆ ಸುತ್ತಿ ಹೆಗಲಿಗೇರಿಸಿದರು. "ಕುರಿ ಬಗದಲಕ್ಕ ಹೊಡೀತೇನಿ. ಸಾಬ್ರ ಹೊಲಕ್ಕ. ಮೂರು ರಾತ್ರಿ."

ಆಗ ಹೊಳೆಯಿತು. ರಾತ್ರಿಗೆ ಐದು ನೂರರಂತೆ ಮೂರು ರಾತ್ರಿ, ಐದೂವರೆಗೆ ಅದನ್ನು ಕೂಡಿಸಿದರೆ ಸರಿಯಾಗಿ ಏಳು ಸಾವಿರ! ನನ್ನ ಗಂಡನಿಗೆ ಲೆಕ್ಕ ಬರುವುದಿಲ್ಲ ಅಂದುಕೊಂಡಿದ್ದೆ. ಅಷ್ಟು ಹಗುರಾಗಿ ನಾನು ಹಿಂಡಿನ ಹಿಂದೆ ನಡೆದದ್ದು ಎಷ್ಟೋ ವರ್ಷದ ಮೇಲೆ.

ಭಾನುವಾರ ಬೆಳಿಗ್ಗೆ, ಎರಡನೆಯ ರಾತ್ರಿ ಕಳೆದು ಬಲೆ ಬಿಚ್ಚುತ್ತಿದ್ದೆವು. ಒಂದು ಸ್ಕೂಟರು ಧೂಳೆಬ್ಬಿಸುತ್ತ ಬಂದು ಬದುವಿನ ಹತ್ತಿರ ನಿಂತಿತು.

"ಯಾರವು ಕುರಿ? ಯಾರಿಗಿ ಕೇಳಿ ಬಿಟ್ಟೀರಿ ಹೊಲದಾಗ?" ಎಂದು ಕೂಗುತ್ತ ಇಳಿದವರು ಕುತುಬೋದ್ದೀನ. ಪಕ್ಕದ ಹೊಲದವರು ಫೋನು ಮಾಡಿದ್ದರಂತೆ. ಹತ್ತಿರ ಬಂದು ಗುರುತು ಹಿಡಿದು ಹಾಗೇ ನಿಂತರು. "ಅರೇ! ಸೈಕಲ್ ಕಾಕಾ! ನೀವಿಲ್ಲಿ?"

"ಮಾತಿನಂಗ ಬಂದೇನ್ರಿ," ಎಂದರು ನಮ್ಮವರು. "ಎರಡ ರಾತ್ರಿ ಆದ್ವು. ಇವತ್ತಿಂದೊಂದು ಉಳೀತು."

"ಯಾವ ಮಾತ್ರಿ?"

ನಮ್ಮವರು ಮೂರು ಬೆರಳು ಎತ್ತಿ ತೋರಿಸಿದರು. "ಕೊನೀಗಿ ಮೂರು ಬೆರಳ ಒತ್ತಿದ್ನೆಲ್ರಿ, ಮೂರು ರಾತ್ರಿ ಕೂಡಸ್ತೇನಿ ಅಂತ. ನೀವು ಗೋಣ ಹಾಕಿದ್ರಿ."

ಕುತುಬೋದ್ದೀನ ಆ ಬೆರಳುಗಳನ್ನು ನೋಡಿದರು, ಕುರಿಗಳನ್ನು ನೋಡಿದರು. ಆಮೇಲೆ ಬದುವಿನ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದು ನಗತೊಡಗಿದರು. "ಯಾ ಅಲ್ಲಾ! ಇನ್ನಾ ಮೂರು ನೂರು ಕಮ್ಮಿ ಮಾಡು ಅಂತೀರಿ ಅನ್ಕೊಂಡೆ ನಾನು! ಎಂಥಾ ಗಟ್ಟಿ ಗಿರಾಕಿಪಾ ಅಂತ ಮೂರು ನೂರು ನಿಮ್ಮ ಮನಿಯವರ ಕೈಗೇ ವಾಪಸ್ ಕೊಟ್ಟೆ!"

ಸಂತೆಯ ಪದ್ಧತಿ ಎಂದು ನಾನು ಸಂಚಿಗೆ ಸೇರಿಸಿದ್ದ ಮೂರು ನೂರು! ನನಗೂ ನಗು ತಡೆಯಲಿಲ್ಲ. ಆದರೆ ಕೇಳಬೇಕಾದದ್ದನ್ನು ಕೇಳಿದೆ. "ಅಂದ್ರ ಐದೂವರಿ ನೀವೇ ಹೇಳಿದ್ರಾ? ಯಾಕ್ರಿ ಸಾಬ್ರ?"

ಅವರು ನಗು ನಿಲ್ಲಿಸಿ ಕನ್ನಡಕ ತೆಗೆದು ಒರೆಸಿದರು. "ನಮ್ಮ ಅಬ್ಬಾ ಕುರಿ ದಲಾಲಿ ಮಾಡ್ತಿದ್ರು ಅಕ್ಕಾ. ಸಣ್ಣಾಂವಿದ್ದಾಗ ಟವೆಲ್ಲಿನೊಳಗ ಕೈ ಹಿಡದು ನನಗೂ ಕಲಿಸಿದ್ರು. ಅವ್ರು ಹೋದ ಮ್ಯಾಲ ಹಂಗ ಯಾರೂ ಕೈ ಹಿಡದಿಲ್ಲ. ಅವತ್ತ ಕಾಕಾನ ಕೈ ಹತ್ತಿದ ಕೂಡ್ಲೇ... ಮ್ಯಾಲಿನ ರೇಟ್ ಹೇಳಲಿಕ್ಕ ಬೆರಳ ಏಳಲೇ ಇಲ್ಲ. ನನಗ ಬಿದ್ದ ರೇಟೇ ಹೇಳಿಬಿಟ್ಟೆ."

ನಮ್ಮವರು ನೆಲ ನೋಡುತ್ತ ನಿಂತರು. ಲಾಭ ಬಿಟ್ಟದ್ದಷ್ಟೇ ಅಲ್ಲ, ಮೂರು ನೂರು ಕೈಯಿಂದ ಹಾಕಿದ್ದರು ಆ ಮನುಷ್ಯ. ಆದರೂ ಅಂಗಡಿಯಲ್ಲಿ ಉಪಕಾರ ಮಾಡಿದೆನೆಂದು ನಾಲ್ಕು ಜನರ ಮುಂದೆ ಒಂದು ಮಾತು ಆಡಿರಲಿಲ್ಲ.

ಕುತುಬೋದ್ದೀನ ಎದ್ದು ಜೇಬಿಗೆ ಕೈ ಹಾಕಿದರು. "ಮೂರು ರಾತ್ರಿದು ಎಷ್ಟಾಗ್ತದ್ರಿ? ತಗೋರಿ."

"ಕೊಟ್ಟ ಮಾತಿಗಿ ರೊಕ್ಕ ತಗೋತಾರೇನ್ರಿ?" ಎಂದು ನಮ್ಮವರು ಎರಡು ಹೆಜ್ಜೆ ಹಿಂದೆ ಸರಿದರು. ಸಾಬರು ಕೊಡುತ್ತೇನೆ ಎನ್ನುವುದು, ಇವರು ಒಲ್ಲೆ ಎನ್ನುವುದು. ಇಬ್ಬರನ್ನೂ ಬಿಟ್ಟರೆ ಬಿಸಿಲು ನೆತ್ತಿಗೇರುತ್ತಿತ್ತು.

"ಸಾಕ್ ಬಿಡ್ರಿ," ಎಂದು ನಾನೇ ನಡುವೆ ಬಂದೆ. "ರೊಕ್ಕ ಒಳಗಿಡ್ರಿ ಸಾಬ್ರ. ಹೊಲದವ್ರು ಕುರಿಯವ್ರಿಗಿ ಜೋಳ ಕೊಡೋದು ಮೊದಲಿಂದ ಅದ, ಅದನ್ನ ಕೊಡ್ರಿ, ತಗೋತೇವಿ. ಮತ್ತ ನನ್ನ ಮಗಳು ಬಂದಾಗ ಚೈನಿಗಿ ನಾಲ್ಕ ಹನಿ ಎಣ್ಣಿ ಬಿಡ್ರಿ. ಆಯ್ತಿಲ್ಲೋ?"

"ನಾಲ್ಕ ಹನಿ ಯಾಕ, ಅಂಗಡಿ ಇರೋ ತನಕ ಅಕೀ ಸೈಕಲ್ ನಂದೇ ಜವಾಬ್ದಾರಿ," ಎಂದರು.

ಆ ಹೊತ್ತಿಗೆ ಸೈಕಲ್ಲಿನ ಗಂಟೆ ಕೇಳಿಸಿತು. ರಜೆಯ ದಿನವೆಂದು ಸೋನಾಲಿ ನಮಗೆ ಬುತ್ತಿ ತಂದಿದ್ದಳು, ನೀಲಿ ಸೈಕಲ್ಲಿನ ಬುಟ್ಟಿಯಲ್ಲಿ. ಕುರಿಗಳೆಲ್ಲ ಕತ್ತೆತ್ತಿ ಅವಳನ್ನೇ ನೋಡಿದವು. ಕುತುಬೋದ್ದೀನರನ್ನು ಕಂಡು ಗಾಬರಿಯಾಗಿ, "ಏನಾಯ್ತವ್ವಾ, ಸೈಕಲ್ ವಾಪಸ್ ಕೇಳಲಿಕ್ಕ ಬಂದಾರೇನು?" ಎಂದು ಪಿಸುಗುಟ್ಟಿದಳು. ನಡೆದದ್ದನ್ನು ಹೇಳಿದೆ. ಅಂಗಡಿಯಲ್ಲಿ ನಾಚಿದ್ದವಳು ಈಗ ಅಪ್ಪನ ಹತ್ತಿರ ಹೋಗಿ ಆ ಟವೆಲ್ ತೆಗೆದು, ಧೂಳು ಕೊಡವಿ, ಮತ್ತೆ ಅವರ ಹೆಗಲಿಗೇ ಹಾಕಿದಳು.

ಹುಣಸೆ ಮರದ ಕೆಳಗೆ ನಾಲ್ವರೂ ಕೂತು ರೊಟ್ಟಿ, ಪುಂಡಿಪಲ್ಯ ಉಂಡೆವು. ಊಟ ಮುಗಿದು ಕೈ ತೊಳೆದ ಮೇಲೆ ಕುತುಬೋದ್ದೀನ, "ಕಾಕಾ, ಮುಂದಿನ ವರ್ಷನೂ ಬರ್ರಿ. ಎಷ್ಟ ರಾತ್ರಿ, ಏನು, ಈಗೇ ಮಾತಾಗಲಿ," ಎಂದರು. ನಮ್ಮವರು ಸುಮ್ಮನೆ ಟವೆಲ್ ತೆಗೆದು ಕೈ ಮೇಲೆ ಹರವಿಕೊಂಡರು. ಅವರೂ ಕೈ ಚಾಚಿದರು.

ನಾನು ಟವೆಲ್ ಎಳೆದುಕೊಂಡೆ.

"ಕೈ ಹಿಡ್ಕೋರಿ, ಬ್ಯಾಡ ಅನ್ನಂಗಿಲ್ಲ," ಎಂದೆ. "ಆದ್ರ ಈ ಸಲ ಬಾಯಿಂದನೂ ಹೇಳ್ರಿ."