ಮೇಣದ ತಾತ

ರೋಮಿನಲ್ಲಿ ಕುಲೀನ ಎಂದರೆ ಮೊದಮೊದಲು ಇಷ್ಟೇ ಅರ್ಥ: ನಾಲ್ಕು ಜನಕ್ಕೆ ಗುರುತಿರುವವನು. ಆ ಗುರುತು ಅಳಿಯದಿರಲೆಂದು ದೊಡ್ಡ ಮನೆಗಳವರು, ಅಧಿಕಾರ ನಡೆಸಿದ ಹಿರಿಯರ ಮುಖವನ್ನು ಮೇಣದಲ್ಲಿ ಅಚ್ಚು ತೆಗೆದು ನಡುಮನೆಯ ಬೀರುವಿನಲ್ಲಿ ಇಡುತ್ತಿದ್ದರು. ಸಾವಾದಾಗ ನಟರು ಆ ಮುಖಗಳನ್ನು ತೊಟ್ಟು ಹೆಣದ ಮುಂದೆ ನಡೆಯುತ್ತಿದ್ದರು.

ವೆತುರಿಯಾಳ ಒಬ್ಬನೇ ಮಗ ಅವುಲ ಮೀಸೆ ಚಿಗುರುವ ವಯಸ್ಸಿನಲ್ಲೇ ಜ್ವರ ಬಂದು ಹೋದ. ಅವನದೂ ಒಂದು ಮುಖ ಬೀರುವಿನಲ್ಲಿರಲಿ ಎಂದು ಅವಳು ಮೈದುನ ಪೋಸ್ತುಮನನ್ನು ಬೇಡಿಕೊಂಡಳು. ಗಂಡ ಸತ್ತ ಮೇಲೆ ಮನೆಗೆ ಅವನೇ ಯಜಮಾನ.

"ಯಾವ ಅಧಿಕಾರ ಮಾಡಿದ್ದ ಅಂತ ಇಡೋದು, ಅತ್ತಿಗೆ? ಊರು ನಗುತ್ತೆ."

"ಮಾಡೋಕೆ ಬದುಕಬೇಕಿತ್ತಲ್ಲಪ್ಪ!"

"ಬದುಕಲಿಲ್ಲವಲ್ಲ."

ಅಷ್ಟು ಹೇಳಿ ಅವನು ನಟರನ್ನು ಗೊತ್ತುಮಾಡಲು ಹೊರಟ. ಸತ್ತವರೆಂದರೆ ಅವನಿಗೆ ಬಹಳ ಗೌರವ, ಹಳಬರಾಗಿದ್ದರೆ ಮಾತ್ರ.

ವೆತುರಿಯಾ ಬೀರು ತೆರೆದಳು. ಮೂಲೆಯಲ್ಲಿದ್ದದ್ದು ಯುದ್ಧ ಗೆದ್ದು ಮನೆತನಕ್ಕೆ ಹೆಸರು ತಂದ ಮೊದಲ ತಾತ. ಹೊಗೆ ಹಿಡಿದು, ಮೂಗು ಸವೆದು, ಅದು ಮುಖವೋ ಮಡಕೆಯ ಚೂರೋ ತಿಳಿಯುವಂತಿರಲಿಲ್ಲ. ಕೆಳಗೆ ಬರೆದ ಹೆಸರಿನಿಂದಷ್ಟೇ ಗುರುತು. ಅವಳು ಅದನ್ನು ಕೆಂಡದ ಮೇಲೆ ಮೆತ್ತಗೆ ಮಾಡಿ, ಮಗನ ಮುಖಕ್ಕೆ ಎಣ್ಣೆ ಸವರಿ, ತೆಳ್ಳಗೆ ಒತ್ತಿದಳು. ಕೈ ಸುಟ್ಟಿತು, ಸುಡಲಿ ಎಂದುಕೊಂಡಳು. ಹುಬ್ಬು, ತುಟಿ ಬೆರಳಲ್ಲೇ ತೀಡಿದಳು. ಚಿಕ್ಕಂದಿನಲ್ಲಿ ಅಂಜೂರದ ಮರದಿಂದ ಬಿದ್ದು ಸೊಟ್ಟಗಾಗಿದ್ದ ಮೂಗನ್ನು ಹಾಗೆಯೇ ಉಳಿಸಿದಳು. ನಂತರ ಮೊದಲಿದ್ದ ಜಾಗದಲ್ಲೇ, ತಾತನ ಹೆಸರಿನ ಮೇಲೆ ಇಟ್ಟಳು.

ಮರುದಿನ ಚೌಕದಲ್ಲಿ ನಟ ಕೆನ್ನೀಲಿ ಅಂಚಿನ ಬಟ್ಟೆ ಉಟ್ಟು, ಆ ಮುಖ ತೊಟ್ಟು ಮುಂದೆ ನಡೆದ. ಹಿಂದೆ ಚಟ್ಟದ ಮೇಲೆ ಅವುಲ, ತೆರೆದ ಮುಖದಲ್ಲಿ.

"ನೋಡೇ, ತಾತನ ಸೊಟ್ಟ ಮೂಗು ಹುಡುಗನಿಗೆ ಹಾಗೇ ಇಳಿದಿದೆ!" ಎಂದಳು ಗುಂಪಿನಲ್ಲೊಬ್ಬಳು.

"ದೊಡ್ಡ ಮನೆ ರಕ್ತ ಅಂದ್ರೆ ಸುಮ್ನೇನಾ?"

ಪೋಸ್ತುಮನ ಕಣ್ಣಲ್ಲಿ ಮೊದಲ ಬಾರಿ ನೀರು ಬಂತು. "ಇಷ್ಟು ದಿನ ತಾತನನ್ನ ನಾನು ಸರಿಯಾಗಿ ನೋಡೇ ಇಲ್ಲ, ಅತ್ತಿಗೆ. ಅಳಬೇಡಿ. ತಾತನ ಮುಖ ಮನೇಲಿದೆಯಲ್ಲ, ಅದನ್ನೇ ನೋಡ್ಕೊಂಡಿರಿ."

ಆ ಮೂಗು ಅಂಜೂರದ ಮರದಿಂದ ಬಿದ್ದು ಸೊಟ್ಟಗಾದದ್ದು, ಅದು ನನ್ನ ಅವುಲ ಎಂದು ಕೂಗಬೇಕೆನಿಸಿತು ಅವಳಿಗೆ. ಕೂಗಿದರೆ ಈ ಮುಖವನ್ನೂ ಕರಗಿಸಿಬಿಡುತ್ತಾರೆ. ಸೆರಗನ್ನು ಬಾಯಿಗೆ ತುರುಕಿಕೊಂಡು, ತಾತನ ಹಿಂದೆ ನಡೆದಳು.