ಫೋಟೋಗೆಂದು ಇಟ್ಟ ಗ್ಲೌಸು

ಇವಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ನನ್ನನ್ನು ಚಿಕ್ಕಂದಿನಿಂದ ಬೈಯುತ್ತಿದ್ದಳು. ಇರಬಹುದು. ಆದರೆ ಈ ಸಲದ್ದು ಮೂಗಿನ ತುದಿಯದ್ದಲ್ಲ, ಹೊಟ್ಟೆಯ ತಳದ್ದು. ಚಳಿಗಾಲ ಮುಗಿಯುತ್ತ ಬಂದರೂ ಇಳಿದಿಲ್ಲ. ಇಳಿಯಲಿ ಎಂದು ನಾನು ಕೇಳಿಕೊಂಡೂ ಇಲ್ಲ.

ನಾನೂ ನನ್ನ ತಮ್ಮನೂ ಸೇರಿ ಒಂದು ಕಟಿಂಗ್ ಅಂಗಡಿ ನಡೆಸುತ್ತೇವೆ. ಇರುವುದು ಎರಡೇ ಕುರ್ಚಿ. ಕಿಟಕಿ ಪಕ್ಕದ್ದು ಅವನದು, ನಲ್ಲಿ ಪಕ್ಕದ್ದು ನನ್ನದು. ಮಕ್ಕಳು ಮತ್ತು ಅವಸರದವರು ನನ್ನ ಹತ್ತಿರ ಬರುತ್ತಾರೆ. ತಲೆಯ ಮೇಲೆ ಪ್ರೀತಿ ಇರುವವರು ಅವನಿಗಾಗಿ ಬೆಂಚಿನ ಮೇಲೆ ಕಾಯುತ್ತಾರೆ. ನನಗೇನೂ ಹೊಟ್ಟೆಕಿಚ್ಚಿಲ್ಲ. ಅವನ ಕೈ ಹಾಗಿದೆ. ಕತ್ತರಿಯ ಒಂದು ಬಳೆಯಲ್ಲಿ ಹೆಬ್ಬೆರಳು, ಇನ್ನೊಂದರಲ್ಲಿ ಉಂಗುರ ಬೆರಳು. ಹೆಬ್ಬೆರಳು ಕುಣಿಯುತ್ತಿರುತ್ತದೆ, ಉಂಗುರ ಬೆರಳು ಅಲುಗದೆ ನಿಂತು ಕತ್ತರಿಯನ್ನು ಹಿಡಿದಿರುತ್ತದೆ. ಅಂಗಡಿ ನಡೆಯುವುದು ಆ ಬೆರಳಿನ ಮೇಲೆ.

ಎದುರು ಸಾಲಿನಲ್ಲಿ ಆಟದ ಸಾಮಾನು ಮಾರುವವನನ್ನು ನಾವು ಕ್ಯಾಪ್ಟನ್ ಎನ್ನುತ್ತೇವೆ. ಅವನು ಸೈನ್ಯದಲ್ಲಿದ್ದವನೂ ಅಲ್ಲ, ಹಡಗು ನಡೆಸಿದವನೂ ಅಲ್ಲ. ಬಾಯಿ ದೊಡ್ಡದು, ಅದಕ್ಕೆ ಆ ಹೆಸರು. ಭಾನುವಾರದ ಸೈಕಲ್ ಸವಾರಿಗೆ ನಮ್ಮನ್ನು ಎಳೆದವನು ಅವನೇ. ನಾಲ್ಕನೆಯವನು ಔಷಧಿ ಅಂಗಡಿಯ ಕಾಂಪೌಂಡರ್. ಯಾರ ಮನಸ್ಸೂ ನೋಯಬಾರದು ಎಂದು ಎಲ್ಲ ಮಾತನ್ನೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಆಡುತ್ತಾನೆ.

ಈ ಸಲ ಕ್ಯಾಪ್ಟನ್ ನಮ್ಮ ಹೆಸರನ್ನು ಚಳಿಗಾಲದ ಸೈಕಲ್ ಸವಾಲಿಗೆ ಕೊಟ್ಟು ಬಂದ. ಮುನ್ನೂರು ಕಿಲೋಮೀಟರ್, ಎರಡು ಹಗಲು, ನೀರು ಹೆಪ್ಪುಗಟ್ಟುವ ಬೆಟ್ಟದ ಸೀಮೆಯಲ್ಲಿ, ವರ್ಷದ ಅತಿ ಕೆಟ್ಟ ಚಳಿಯಲ್ಲಿ. ನಾಲ್ಕು ಜನರ ತಂಡ, ನಾಲ್ವರೂ ಒಟ್ಟಿಗೆ ಗೆರೆ ದಾಟಬೇಕು. ಒಬ್ಬ ಬಿಟ್ಟರೂ ತಂಡ ಲೆಕ್ಕಕ್ಕಿಲ್ಲ. ಸೈಕಲ್ ಓಡಿಸುವುದು ನನಗೂ ಇಷ್ಟವೇ, ಖುಷಿಯಿಂದಲೇ ಹೊರಟೆ.

ಮೊದಲ ದಿನ ಚೆನ್ನಾಗಿಯೇ ಕಳೆಯಿತು. ಎರಡನೆಯ ದಿನ ಬೆಳಿಗ್ಗೆ ಮಂಜಿನಂಥ ಮಳೆ ಹಿಡಿದುಕೊಂಡಿತು. ರಸ್ತೆಯ ಅಂಚಿನಲ್ಲೆಲ್ಲ ಅರ್ಧ ಹೆಪ್ಪುಗಟ್ಟಿದ ಕೆಸರು. ಅಲ್ಲಿ ಕ್ಯಾಪ್ಟನ್ನಿನ ಹಿಂದಿನ ಚಕ್ರ ಪಂಕ್ಚರಾಯಿತು.

"ನೀನು ಮಾಡಪ್ಪ, ನಿನ್ನ ಕೈ ಚುರುಕು" ಎಂದು ತಮ್ಮನಿಗೆ ಹೇಳಿ ಅವನು ತನ್ನ ಕೈಗಳನ್ನು ಜೇಬಿಗೆ ಇಳಿಸಿದ.

ತಮ್ಮ ಗ್ಲೌಸು ಬಿಚ್ಚಿ ಕೆಸರಲ್ಲಿ ಮಂಡಿಯೂರಿದ. ತಣ್ಣಗಿನ ಕಬ್ಬಿಣ, ತಣ್ಣಗಿನ ರಬ್ಬರು. ಟ್ಯೂಬು ಹಾಕಿ ಗಾಳಿ ತುಂಬುವಷ್ಟರಲ್ಲಿ ಹ್ಯಾಂಡಲ್ಲಿಗೆ ಸಿಕ್ಕಿಸಿದ್ದ ಗ್ಲೌಸು ಕೆಳಗೆ ಬಿದ್ದು ನೀರು ಕುಡಿದಿತ್ತು. ಹಿಂಡಿ ಅದನ್ನೇ ಹಾಕಿಕೊಂಡ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮ ತಂಡದಲ್ಲಿ ಕೈ ಒಬ್ಬನದು, ಬಾಯಿ ಇನ್ನೊಬ್ಬನದು.

"ನನ್ನದು ತಗೋ, ಬದಲಾಯಿಸಿಕೊಳ್ಳೋಣ" ಎಂದೆ.

"ನಿನ್ನದು ನನ್ನ ಹೆಬ್ಬೆರಳಿಗೂ ಬರಲ್ಲ ಬಿಡಕ್ಕ" ಎಂದು ನಕ್ಕ.

ಮಧ್ಯಾಹ್ನ ಒಂದು ಪೆಟ್ರೋಲ್ ಬಂಕಿನ ಕ್ಯಾಂಟೀನಿನಲ್ಲಿ ನಿಂತೆವು. ತಮ್ಮ ಬ್ರೆಡ್ಡಿನ ಪೊಟ್ಟಣವನ್ನು ಹಲ್ಲಿನಿಂದ ಹರಿದ. ಲೋಟವನ್ನು ಎರಡು ಮಣಿಕಟ್ಟುಗಳ ನಡುವೆ ಒತ್ತಿ ಎತ್ತಿದ. ನಾನು ಎದ್ದು ಹೋಗಿ ಅವನ ಬಲಗೈ ಗ್ಲೌಸು ಎಳೆದೆ. ಬೆರಳುಗಳು ಮೇಣದ ಬತ್ತಿಯ ಹಾಗೆ ಬೆಳ್ಳಗಿದ್ದವು. ಉಂಗುರ ಬೆರಳನ್ನು ಉಗುರಿನಿಂದ ಚಿವುಟಿದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ, ಚಿವುಟಿದ್ದು ಅವನಿಗೆ ಗೊತ್ತೇ ಆಗಲಿಲ್ಲ.

"ಇದೇನಿದು?" ಎಂದು ಕಾಂಪೌಂಡರನನ್ನು ಕೇಳಿದೆ.

ಅವನು ಕ್ಯಾಪ್ಟನ್ ಕಡೆ ನೋಡಿದ, ಆಮೇಲೆ ಬೆರಳಿನ ಕಡೆ ನೋಡಿದ. "ನಿಲ್ಲಿಸಿದ್ರೆ ಒಳ್ಳೇದು ಅಂತಾನೂ ಹೇಳಬಹುದು. ಹಾಗಂತ, ಎಷ್ಟೋ ಜನಕ್ಕೆ ತಾನಾಗೇ ಸರಿಹೋಗುತ್ತೆ."

"ನಿನ್ನ ಬೆರಳಾಗಿದ್ರೆ?"

ಅವನು ಬ್ರೆಡ್ಡು ಅಗಿಯತೊಡಗಿದ.

"ಅಕ್ಕಾ, ಮೂರು ಗಂಟೆ ದಾರಿ ಅಷ್ಟೇ" ಎಂದ ಕ್ಯಾಪ್ಟನ್. "ಹುಡುಗ ಗಟ್ಟಿ ಇದಾನೆ. ಏನಪ್ಪಾ?"

"ಏನಿಲ್ಲಕ್ಕ, ಹೋಗೋಣ" ಎಂದ ತಮ್ಮ. ಮೂವತ್ತೈದು ದಾಟಿದವನನ್ನು ಹುಡುಗ ಎಂದರೆ ಉಬ್ಬಿಹೋಗುತ್ತಾನೆ, ದಡ್ಡ.

ಆಗ ಕ್ಯಾಪ್ಟನ್ ಚಾಕೊಲೇಟಿಗಾಗಿ ಬ್ಯಾಗಿನಲ್ಲಿ ಕೈಯಾಡಿಸಿದ. ಒಂದು ಪ್ಲಾಸ್ಟಿಕ್ ಕವರು ಜಾರಿ ಮೇಜಿನ ಮೇಲೆ ಬಿತ್ತು. ಒಳಗೆ ದಪ್ಪ ಉಣ್ಣೆಯ ಹಳದಿ ಗ್ಲೌಸು. ಒಂದು ಜೊತೆಯಲ್ಲ, ನಾಲ್ಕು ಜೊತೆ. ಎಲ್ಲದರ ಬೆನ್ನಿನ ಮೇಲೂ ಅವನ ಅಂಗಡಿಯ ಹೆಸರು. ಮುಟ್ಟಿ ನೋಡಿದೆ. ಎಲ್ಲವೂ ಒಣಗಿದ್ದವು, ಬೆಚ್ಚಗಿದ್ದವು.

"ಅಯ್ಯೋ, ನೋಡಿಬಿಟ್ರಾ?" ಎಂದು ಅವನು ನಕ್ಕ. "ಕೊನೇಲಿ ಕೊಡೋಣ ಅಂತಿದ್ದೆ. ಗೆರೆ ದಾಟಿ ಫೋಟೋ ತೆಗೆಸಿಕೊಳ್ಳುವಾಗ ನಾಲ್ಕು ಜನಾನೂ ಒಂದೇ ಥರ ಕೈ ಎತ್ತಿದ್ರೆ ಹೇಗಿರುತ್ತೆ!"

"ಬೆಳಿಗ್ಗೆ ಇವನು ಕೆಸರಲ್ಲಿ ಕೂತಾಗ ಇದು ನಿನ್ನ ಬೆನ್ನ ಮೇಲೇ ಇತ್ತಾ?"

"ಇತ್ತು. ಆಗಲೇ ಹಾಕಿಸಿದ್ರೆ ಫೋಟೋ ಹೊತ್ತಿಗೆ ಕೊಳಕಾಗ್ತಿತ್ತಲ್ಲಕ್ಕ."

ನನ್ನ ಪಿತ್ತ ನೆತ್ತಿಗೇರಿತು. ಅವನು ಕೆಟ್ಟವನಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಅವನು ಕೆಟ್ಟವನಲ್ಲ. ಈಗಲೂ ಉಡುಗೊರೆ ಕೊಟ್ಟವನ ಮುಖ ಹೊತ್ತು ಕೂತಿದ್ದ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಕ್ಯಾಂಟೀನಿನ ಹುಡುಗಿ ಒರೆಸುವ ಬಟ್ಟೆ ಹಿಡಿದು ನಿಂತೇಬಿಟ್ಟಳು. ನಾನು ಕವರನ್ನು ಹರಿದು ಒಂದು ಜೊತೆಯನ್ನು ತಮ್ಮನ ಕೈಗೆ ತೊಡಿಸಿದೆ, ಮಗುವಿಗೆ ತೊಡಿಸುವ ಹಾಗೆ ಒಂದೊಂದೇ ಬೆರಳು ಹುಡುಕಿ.

"ಆಯ್ತಲ್ಲ, ಈಗ ಹೊರಡೋಣ" ಎಂದ ಕ್ಯಾಪ್ಟನ್.

ತಮ್ಮ ಎದ್ದ. ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳಲು ಹೋದ, ಆಗಲಿಲ್ಲ. ಆದರೂ ಬಾಗಿಲ ಕಡೆಗೇ ನಡೆದ. ಇವನು ತಾನಾಗಿ ನಿಲ್ಲುವವನಲ್ಲ ಎಂದು ನನಗೆ ಖಾತ್ರಿಯಾಯಿತು. ಹೇಳಿದರೆ ಕೇಳುವವನೂ ಅಲ್ಲ. ನಾನು ಕುರ್ಚಿ ಎಳೆದು ಕೂತೆ.

"ನಾನು ಬರಲ್ಲ. ನೀವು ಮೂರು ಜನ ಹೋಗಿ."

"ಮೂರು ಜನ ಹೋದ್ರೆ ಏನು ಪ್ರಯೋಜನ?" ಎಂದು ಕ್ಯಾಪ್ಟನ್ ಕಿರುಚಿದ. "ನಿನಗೇನಾಗಿದೆ? ಕಾಲು ಗಟ್ಟಿಯಾಗಿಲ್ವಾ?"

"ಕಲ್ಲಿನ ಹಾಗಿದೆ. ಆದ್ರೂ ಬರಲ್ಲ."

ಕ್ಯಾಪ್ಟನ್ ಬೇಡಿದ, ಬೈದ, ಮತ್ತೆ ಬೇಡಿದ. ಕಾಂಪೌಂಡರ್ ಎರಡೂ ಕಡೆ ತಲೆಯಾಡಿಸಿದ. ಕೊನೆಗೆ ಇಬ್ಬರೂ ಹೊರಗೆ ಹೋಗಿ ಮಳೆಯಲ್ಲಿ ನಿಂತರು. ತಮ್ಮ ಮಾತ್ರ ಬಾಗಿಲಲ್ಲೇ ಇದ್ದ. ಅವನ ಕಣ್ಣು ಕೆಂಪಾಗಿತ್ತು.

"ಯಾರು ಕೇಳಿದ್ರು ನಿನ್ನ? ನನ್ನ ಕೈ, ನನ್ನಿಷ್ಟ. ಹುಟ್ಟಿದಾಗಿನಿಂದ ನನ್ನ ಮೂಗು ಒರೆಸ್ತಾನೇ ಇದೀಯ."

"ಒರೆಸ್ತೀನಿ. ಈಗ ನಿನ್ನ ಕೈಲಿ ಆಗಲ್ವಲ್ಲ."

ಬಂಕಿನವನ ವ್ಯಾನಿನಲ್ಲಿ ಆಸ್ಪತ್ರೆಗೆ ಹೋದೆವು. ತಮ್ಮ ದಾರಿಯುದ್ದಕ್ಕೂ ನನಗೆ ಬೆನ್ನು ಹಾಕಿ ಕೂತಿದ್ದ. ನರ್ಸು ಉಗುರುಬೆಚ್ಚಗಿನ ನೀರಿನಲ್ಲಿ ಕೈ ಇಳಿಸಿದಾಗ ನೋವು ಬಂತು. ದೊಡ್ಡ ಗಂಡಸು ದನಿ ತೆಗೆದು ಅತ್ತ. ಅಳು ಕೇಳಿ ನನಗೆ ಸಮಾಧಾನವಾಯಿತು, ಜೀವ ಇರುವ ಬೆರಳು ಮಾತ್ರ ಅಳಿಸುತ್ತದೆ. ಉಳಿದೆಲ್ಲ ಬೆರಳುಗಳೂ ಕೆಂಪಾದವು. ಉಂಗುರ ಬೆರಳಿನ ತುದಿ ಕಪ್ಪಗಾಗಿ ಉಳಿಯಿತು. ಬೆರಳು ಉಳಿಯುತ್ತದೆ, ಸ್ಪರ್ಶದ ಬಗ್ಗೆ ಭರವಸೆ ಕೊಡಲಾರೆ ಎಂದರು ಡಾಕ್ಟರಮ್ಮ.

ಆಮೇಲೆ ವಾರಗಟ್ಟಲೆ ಅವನು ಕಿಟಕಿ ಪಕ್ಕದ ಕುರ್ಚಿಯಲ್ಲಿ ಗಿರಾಕಿಯ ಹಾಗೆ ಕೂತಿರುತ್ತಿದ್ದ. ಅವನಿಗಾಗಿ ಬರುತ್ತಿದ್ದವರು ನನ್ನನ್ನು ನೋಡಿ, "ಇನ್ನೊಂದು ದಿನ ಬರ್ತೀವಿ" ಎಂದು ಹೋಗುತ್ತಿದ್ದರು. ಮನೆಯಲ್ಲಿ ಉಪ್ಪು ಬೇಕಾದರೂ ಅವನು ಅಮ್ಮನ ಮೂಲಕ ಕೇಳುತ್ತಿದ್ದ. ನನ್ನ ಮೇಲೆ ಅಷ್ಟು ಸಿಟ್ಟು. ಕ್ಯಾಪ್ಟನ್ನಿನ ಮೇಲೆ ಒಂದು ಚೂರೂ ಇರಲಿಲ್ಲ.

ಮೊನ್ನೆ ಬುಧವಾರ ಮೊದಲ ಸಲ ಕತ್ತರಿ ಹಿಡಿದ. ಸಂಜೆ ಕ್ಯಾಪ್ಟನ್ ಏನೂ ನಡೆದೇ ಇಲ್ಲ ಎನ್ನುವ ಹಾಗೆ ಬಂದು ಅವನ ಕುರ್ಚಿಯಲ್ಲಿ ಕೂತ. ತಮ್ಮ ಬಟ್ಟೆ ಹೊದಿಸಿದ.

"ಬಿಡಪ್ಪಾ, ಆದದ್ದಾಯ್ತು" ಎಂದ ಕ್ಯಾಪ್ಟನ್. "ಮುಂದಿನ ವರ್ಷಕ್ಕೂ ಹೆಸರು ಕೊಟ್ಟಿದೀನಿ. ಅಕ್ಕನ ಬದಲು ಬೇರೆ ಯಾರನ್ನಾದ್ರೂ ಹಾಕಿಕೊಂಡ್ರೆ ಸರಿ. ನಾವು ಮೂರು ಜನ ಗಟ್ಟಿ ಇದ್ವಲ್ಲ."

ಕತ್ತರಿ ನಿಂತಿತು. ತಮ್ಮ ತನ್ನ ಬೆರಳನ್ನು ಒಮ್ಮೆ ನೋಡಿಕೊಂಡ. ಆಮೇಲೆ ಕತ್ತರಿಯನ್ನು ಕ್ಯಾಪ್ಟನ್ನಿನ ಕಿವಿಯ ಬುಡಕ್ಕೆ ತಂದ.

"ಅಲ್ಲಾಡಬೇಡ" ಎಂದ. ಅವನ ದನಿ ನಾನು ಎಂದೂ ಕೇಳಿರದಷ್ಟು ತಣ್ಣಗಿತ್ತು. "ಈ ಬೆರಳಿಗೆ ಇನ್ನೂ ಏನೂ ಗೊತ್ತಾಗಲ್ಲ. ಕೂದಲು ಯಾವುದು, ಕಿವಿ ಯಾವುದು, ನೀನೇ ಹೇಳ್ತಾ ಇರಬೇಕು."

ಕಚ್. ಕಚ್. ಕ್ಯಾಪ್ಟನ್ನಿನ ದೊಡ್ಡ ಬಾಯಿ ಮುಚ್ಚಿಕೊಂಡಿತು. ಹಣೆಯ ಮೇಲೆ ಬೆವರು ಮೂಡಿತು. ಕನ್ನಡಿಯಲ್ಲಿ ನನ್ನನ್ನು ಹುಡುಕಿದ.

"ಅಕ್ಕಾ" ಎಂದ ಸಣ್ಣಗೆ, "ನೀನೇ ಮಾಡ್ತೀಯಾ?"

"ಪುರುಸೊತ್ತಿಲ್ಲ" ಎಂದೆ. ಖಾಲಿ ಇದ್ದ ನನ್ನ ಕುರ್ಚಿಯನ್ನು ಅವರ ಕಡೆ ತಿರುಗಿಸಿ, ಕಾಲು ಚಾಚಿ ಕೂತುಕೊಂಡೆ.