ಕಮಾಂಡರ್ ಕೂತ ಮರದ ವಿಮಾನ

ನಗೋಯಾದ ಒಂದು ವಿಮಾನ ಕಾರ್ಖಾನೆಯಲ್ಲಿ ನೌಕಾಪಡೆಯ ಹೊಸ ದಾಳಿ ವಿಮಾನ ಇನ್ನೂ ಮರದ್ದಾಗಿತ್ತು. ಲೋಹ ಮುಟ್ಟುವ ಮೊದಲು ಅಷ್ಟೇ ಅಳತೆಯ ಮರದ ಮಾದರಿ ಮಾಡಿ, ನೌಕಾಪಡೆಯವರನ್ನು ಅದರಲ್ಲಿ ಕೂರಿಸಬೇಕು. ಅವರು ನಕ್ಷೆಗೆ ಮುದ್ರೆ ಒತ್ತಿದರಷ್ಟೇ ಮುಂದಿನ ಕೆಲಸ.

ವಿನ್ಯಾಸಕ ಹಿಬಿನೊಗೆ ಆ ಮುದ್ರೆ ಇವತ್ತೇ ಬೇಕಿತ್ತು. ಇಲ್ಲಿಯವರೆಗೆ ಬಂದ ಅಧಿಕಾರಿಗಳೆಲ್ಲ ಏನಾದರೊಂದು ಸೇರಿಸಿಯೇ ಹೋಗಿದ್ದರು. ಒಬ್ಬರಿಗೆ ಇನ್ನೊಂದು ಬಂದೂಕು, ಮತ್ತೊಬ್ಬರಿಗೆ ದೊಡ್ಡ ಟ್ಯಾಂಕು. ಇನ್ನೊಂದು ಗೇಣು ಅಗಲವಾದರೂ ಸಾಕು, ಟಾರ್ಪೆಡೊ ಹೊತ್ತು ಹಡಗಿನಿಂದ ಮೇಲೇಳುವ ಬದಲು ವಿಮಾನ ಒಳಗೆ ಕೂತ ಮೂವರು ಹುಡುಗರ ಸಮೇತ ನೇರ ಸಮುದ್ರಕ್ಕೇ ಇಳಿಯುತ್ತದೆ.

ಇವತ್ತು ಬಂದವರು ಕಮಾಂಡರ್ ಕುಸಕಾಬೆ. ಮುಖ ಕಡ್ಡಿಯಷ್ಟು, ಓವರ್‌ಕೋಟಿನೊಳಗೆ ಹೊಟ್ಟೆ ಮಾತ್ರ ಗುಡಾಣ.

"ನಡುವಿನ ಸೀಟಲ್ಲಿ ನಾನೇ ಕೂತು ನೋಡ್ತೀನಿ" ಎಂದು ಹತ್ತಿದರು.

ಕೂತದ್ದೇನೋ ಕೂತರು. ಏಳಲು ಹೋದಾಗ ಮರ ಕಿರ್ರೆಂದಿತು, ಕಮಾಂಡರ್ ಏಳಲಿಲ್ಲ.

ಮೇಲಧಿಕಾರಿ ಸಿಕ್ಕಿಬಿದ್ದಿದ್ದಾರೆ ಎಂದು ಕೆಳಗಿನವರು ಹೇಳುವಂತಿಲ್ಲ. ಸೀಟು ಇಕ್ಕಟ್ಟು ಎಂದು ಕಮಾಂಡರರೂ ಹೇಳುವಂತಿಲ್ಲ. ಯುದ್ಧಕಾಲದಲ್ಲಿ ಊರಿಗೆ ಊರೇ ರೇಷನ್ ಅಕ್ಕಿಗೆ ಮೂಲಂಗಿ ಬೆರೆಸಿ ಉಣ್ಣುವಾಗ ನನಗೆ ಹೊಟ್ಟೆ ಇದೆ ಎಂದು ಯಾವ ಬಾಯಿಂದ ಒಪ್ಪಿಕೊಳ್ಳುವುದು?

"ಪರೀಕ್ಷೆ ಇನ್ನೂ ಮುಗಿದಿಲ್ಲ" ಎಂದರು ಕಮಾಂಡರ್.

"ನಿಧಾನವಾಗಿ ನೋಡಿ ಸಾಹೇಬ್ರೆ" ಎಂದ ಹಿಬಿನೊ. ಜೊತೆಗೆ ಬಂದಿದ್ದ ಇಬ್ಬರು ಲೆಫ್ಟಿನೆಂಟರು ಛಾವಣಿಯ ತೊಲೆಗಳನ್ನು ಶ್ರದ್ಧೆಯಿಂದ ನೋಡತೊಡಗಿದರು.

ಚಹಾ ಬಂತು; ಕೂತಲ್ಲೇ ಕುಡಿದರು. ದಿಕ್ಸೂಚಿ ಇಡುವ ಜಾಗವನ್ನು ಹೊಗಳಿದರು. ಮತ್ತೆ ಹೊಗಳಿದರು.

ಬಡಗಿಗಳ ಮೇಸ್ತ್ರಿ ಗೆಂಜಿರೊ ಹಿಬಿನೊನ ಕಿವಿಗೆ ಬಾಗಿದ. "ಯಜಮಾನ್ರೆ, ಗರಗಸ ತರ್ಲಾ? ನಾಲ್ಕೆಳೆತದ ಕೆಲ್ಸ."

"ಸುಮ್ನಿರು ಮಾರಾಯ! ನೀನು ಕೊಯ್ದಷ್ಟೂ ನಕ್ಷೇಲಿ ಅಗಲ ಮಾಡಿ ಅಂತಾರೆ."

"ಹಂಗಾದ್ರೆ ಇವ್ರನ್ನೂ ಸೇರ್ಸೇ ಹಾರಿಸ್ತೀರಾ?"

ಹಿಬಿನೊ ಗಂಟಲು ಸರಿಮಾಡಿಕೊಂಡ. "ಸಾಹೇಬ್ರೆ, ವಿಮಾನ ಸಮುದ್ರಕ್ಕೆ ಬಿತ್ತು ಅಂತಿಟ್ಕೊಳ್ಳಿ. ದಪ್ಪ ಬಟ್ಟೆ ನೀರು ಕುಡಿದು ಭಾರ ಆಗತ್ತೆ. ಅದನ್ನ ಕಳಚಿ ಹೊರಗೆ ಬರೋದು ಹೇಗೆ ಅಂತ ತಾವೇ ತೋರಿಸಿದ್ರೆ ದೊಡ್ಡ ಉಪಕಾರ."

ಕಮಾಂಡರರ ಮುಖ ಅರಳಿತು. "ನಾನೂ ಅದನ್ನೇ ಯೋಚಿಸ್ತಿದ್ದೆ!"

ಕೋಟು ಹೊರಬಂತು. ಹತ್ತಿ ತುಂಬಿದ ಅಂಗಿ ಬಂತು. ಹೊಟ್ಟೆಗೆ ಸುತ್ತಿದ ಬಟ್ಟೆಯ ಗಂಟಿನ ಮೇಲೆ ಕೈ ನಿಂತಿತು. ಸುತ್ತ ನೋಡಿದರು, ಎಲ್ಲರೂ ತೊಲೆ ನೋಡುತ್ತಿದ್ದರು. ನಿಟ್ಟುಸಿರು ಬಿಟ್ಟು ಗಂಟು ಸಡಿಲಿಸಿದರು. ಧಪ್ಪನೆ ಒಂದು ಚೀಲ ಜಾರಿತು. ಅದರ ಬಾಯಿಂದ ಬೆಳ್ಳನೆಯ ಅಕ್ಕಿ ಹಲಗೆಯ ಮೇಲೆ ಸುರಿಯಿತು. ದಾರಿಯಲ್ಲಿ ಯಾವುದೋ ರೈತನ ಮನೆಯಲ್ಲಿ ಕದ್ದುಮುಚ್ಚಿ ಕೊಂಡದ್ದು. ಬಿದಿರುಕೋಲಿನಂಥ ಕಮಾಂಡರ್ ಸಲೀಸಾಗಿ ಹೊರಗೆ ಜಿಗಿದರು.

"ಅದು... ಮರಳು. ಭಾರದ ಪರೀಕ್ಷೆಗೆ ಅಂತ ತಂದಿದ್ದು."

"ಗೊತ್ತಾಯ್ತು ಸಾಹೇಬ್ರೆ. ಸೀಟಿನ ಅಗಲ?"

"ಸರಿಯಾಗೇ ಇದೆಯಲ್ಲ! ಕೂದಲೆಳೆಯಷ್ಟೂ ಬದಲಾಗಬಾರದು." ಮುದ್ರೆ ಒತ್ತಿದ ರಭಸಕ್ಕೆ ಮೇಜೇ ಅಲುಗಿತು.

ಗೆಂಜಿರೊ ತಲೆಬಾಗಿ ನಿಂತ. "ಸಾಹೇಬ್ರೆ, ಪರೀಕ್ಷೆಗೆ ಬಂದ ಮರಳು ಹೊರಗೆ ಹೋಗೋ ಹಂಗಿಲ್ಲ. ಗೇಟಲ್ಲಿ ಬಿಚ್ಚಿ ನೋಡ್ತಾರೆ."

ರೈಲು ಹತ್ತಿಸಿದ ಮಗನನ್ನು ನೋಡುವಂತೆ ಕಮಾಂಡರ್ ಚೀಲವನ್ನು ನೋಡಿದರು. "ನಿಯಮ ಅಂದ್ಮೇಲೆ ನಿಯಮ. ವಿಲೇವಾರಿ ಮಾಡಿ."

ಅಂಟು ಕಾಯಿಸುವ ಒಲೆಯ ಮೇಲೆ ಪಾತ್ರೆ ಏರಿತು. ಅನ್ನದ ಘಮ ಎದ್ದದ್ದೇ ಲೆಫ್ಟಿನೆಂಟರು ತೊಲೆಗಳನ್ನು ಮರೆತರು. ಹಿಬಿನೊ ಮುದ್ರೆ ಬಿದ್ದ ನಕ್ಷೆಯನ್ನು ಅಂಗಿಯೊಳಗೆ ಭದ್ರವಾಗಿ ಸೇರಿಸಿ, ಬಟ್ಟಲು ಹಿಡಿದು ಸಾಲಿಗೆ ಹೋದ. ಅವನ ಮುಂದೆ ಕಮಾಂಡರ್ ಆಗಲೇ ಎರಡನೇ ಸಲ ನಿಂತಿದ್ದರು.

"ಮರಳು ಹದವಾಗಿ ಬೆಂದಿದೆ, ಮೇಸ್ತ್ರಿ. ಇನ್ನೊಂಚೂರು ಹಾಕು."